ಹಂದಿಯಮ್ಮನ ಹಳದಿ ಹಾಲು

ಸುಮ್ಮನೆ ಕೂತ್ಕೊಳ್ಳೇ ನಿಂಗಿ, ಗೂಡಿನ ಬಾಗಿಲು ಅಲ್ಲಾಡಿಸಬೇಡ. ನಮ್ಮ ಹಂದಿ ಮರಿ ಹಾಕ್ತಿದೆ. ಆ ಮರಿ ನೋಡು, ಮೈ ಇನ್ನೂ ಆರಿಲ್ಲ, ಆಗಲೇ ತಾಯಿಯ ಮೊಲೆ ಹುಡುಕಿಕೊಂಡು ಓಡ್ತಿದೆ! ಯಾಕೆ ಅಂತೀಯಾ? ಹೇಳ್ತೀನಿ, ಮಧ್ಯೆ ಬಾಯಿ ಹಾಕಬಾರದು.

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಹೊಳೆ ಆಗಷ್ಟೇ ಹರಿಯೋದು ಕಲಿತಿತ್ತು. ಮೊಟ್ಟಮೊದಲ ಹಂದಿಯಮ್ಮ ಅದರ ದಂಡೆಯಲ್ಲಿ ಮರಿ ಹಾಕಿದಳು. ಹಾಲು ಇಳಿಯಿತು. ನೋಡಿದರೆ ಹಳದಿ, ಮಂದ, ಅಂಟಂಟು.

"ಹೊಳೆಯಕ್ಕ, ಇದೇನು ಹೀಗಿದೆ?" ಎಂದಳು.

"ಕೆಸರಾದಾಗ ನಾನೂ ಹೀಗೇ ಹಳದಿಯಾಗ್ತೀನಿ. ಕೆಟ್ಟಿದೆ ಕಣೇ ಅದು. ಬೆಳ್ಳಗಾಗೋವರೆಗೆ ಕುಡಿಸಬೇಡ," ಎಂದಿತು ಹೊಳೆ.

ಹೊಳೆಗೇನು ಗೊತ್ತು ಹಾಲಿನ ವಿಷಯ, ಮಣ್ಣಾಂಗಟ್ಟಿ! ಆದರೆ ಪಾಪ, ಹಂದಿಯಮ್ಮ ನಂಬಿಬಿಟ್ಟಳು. ಮರಿಗಳು ಹತ್ತಿರ ಬಂದರೆ ಮೂತಿಯಿಂದ ದೂಡಿದಳು.

"ತಡೀರಿ ಮಕ್ಕಳೇ, ತಡೀರಿ."

ಹಸಿದ ಮರಿಗಳು ಕೆಸರು ನೆಕ್ಕಿದವು. ಆಮೇಲೆ ಶುರುವಾಯಿತು ನೋಡು ಭೇದಿ, ನೀರುನೀರಾಗಿ. ಬಾಲ ಜೋತುಬಿದ್ದವು. ಕಣ್ಣು ಗುಳಿಬಿದ್ದವು. ಮೈ ತಣ್ಣಗಾಯಿತು.

"ಕೆಸರಣ್ಣ, ನನ್ನ ಮಕ್ಕಳಿಗೆ ಏನು ಮಾಡಿದೆ?" ಎಂದು ಹಂದಿಯಮ್ಮ ಅತ್ತಳು.

"ನಾನಲ್ಲ ತಾಯಿ. ಕಣ್ಣಿಗೆ ಕಾಣದ ಪುಂಡರು ನನ್ನೊಳಗೆ ಸೇರಿಕೊಂಡಿದ್ದಾರೆ. ಖಾಲಿ ಹೊಟ್ಟೆ ಕಂಡರೆ ನುಗ್ಗಿಬಿಡ್ತಾರೆ. ಆದರೆ ಅಲ್ನೋಡು, ನಿನ್ನ ಕಿರಿಯವನ ತಂಟೆಗೆ ಮಾತ್ರ ಹೋಗಿಲ್ಲ."

ಹೌದು! ಕಿರಿಮರಿ ಬಾಲ ಸುತ್ತಿಕೊಂಡು ಕುಣೀತಿತ್ತು. ಮೂತಿಯೆಲ್ಲ ಹಳದಿ! ಅಮ್ಮ ಉಳಿದವರನ್ನು ದೂಡುವಾಗಲೇ ಕದ್ದು ಕುಡಿದಿತ್ತು, ಕಳ್ಳ ನನ್ಮಗ.

"ಅಯ್ಯೋ, ನನ್ನ ಬುದ್ಧಿಗಿಷ್ಟು!"

ಹಂದಿಯಮ್ಮ ತಟ್ಟನೆ ಮಗ್ಗುಲಾದಳು. ಗುರ್ ಗುರ್ ಎಂದು ಕರೆದಳು. "ಬನ್ನಿ, ಬೇಗ ಬನ್ನಿ, ಇದನ್ನೇ ಕುಡೀರಿ!" ಒಂದು ಮರಿಗೆ ಏಳೋಕೂ ಆಗಲಿಲ್ಲ. ದೂಡಿದ ಮೂತಿಯಿಂದಲೇ ಅದನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದು ಒಂದು ಗುಟುಕು ಕುಡಿಯಿತು. ಇನ್ನೊಂದು ಗುಟುಕು ಕುಡಿಯಿತು.

"ಎಲ್ಲಾ ಬದುಕಿದವಾ ಅಜ್ಜಿ?"

ಬಾಯಿ ಹಾಕಬೇಡ ಅಂದಿರಲಿಲ್ವಾ? ಎಲ್ಲಾ ಬದುಕಿದವು ಕಣೇ. ಸಂಜೆ ಹೊತ್ತಿಗೆ ಭೇದಿ ನಿಂತಿತು. ಒಂದೊಂದಾಗಿ ಬಾಲ ಮತ್ತೆ ಸುತ್ತಿಕೊಂಡವು. ಹಂದಿಯಮ್ಮ ಉಸ್ಸಪ್ಪಾ ಅಂತ ಉಸಿರುಬಿಟ್ಟಳು. ಹೊಳೆ ನಾಚಿಕೊಂಡು ಸದ್ದಿಲ್ಲದೆ ಹರಿಯಿತು.

ಅವತ್ತಿನಿಂದ ಹಂದಿಯಮ್ಮ "ತಡೀರಿ" ಅನ್ನೋದನ್ನೇ ಬಿಟ್ಟಳು. ಕೇಳಿಸ್ತಾ, ಗೂಡಿನೊಳಗೆ ಗುರ್ ಗುರ್? ಬೇಗ ಬನ್ನಿ ಅಂತ ಕರೀತಿದ್ದಾಳೆ. ಅದಕ್ಕೇ ಹಂದಿಮರಿ ಇವತ್ತಿಗೂ ಮೈ ಆರೋ ಮೊದಲೇ ಅಮ್ಮನ ಹಾಲಿಗೆ ಓಡೋದು.