ಹಾವಿನ ಮದ್ದಿನ ಸುದ್ದಿ ಬರೆದ ತುಳಜವ್ವ

ಹೂಂಗುಟ್ಟುವವರು ಹತ್ತಿರ ಬನ್ನಿ, ಹೇಳುತ್ತೇನೆ. ಹುತ್ತೂರು ಅಂತ ಒಂದು ರಾಜ್ಯ. ಅಲ್ಲಿ ಮನೆಗಿಂತ ಹುತ್ತ ಹೆಚ್ಚು, ಮಂದಿಗಿಂತ ಹಾವು ಹೆಚ್ಚು. ಸಿಂಹಾಸನದ ಮೇಲೆ ದೊರೆಯೂ ಇದ್ದ, ಜನರ ಕೈಯಲ್ಲಿ ಮೊಬೈಲೂ ಇತ್ತು. ಅಂಥ ರಾಜ್ಯ ಅದು.

ಅರಮನೆಯ ಔಷಧಿ ಉಗ್ರಾಣ ನೋಡಿಕೊಳ್ಳುವವಳು ತುಳಜವ್ವ. ಮಾತು ಕಡಿಮೆ, ಕೆಲಸ ಚೊಕ್ಕ. ರಾಜ್ಯದಲ್ಲಿ ಹನ್ನೆರಡು ಮದ್ದಿನ ಮನೆಗಳಿದ್ದವು. ಹಾವಿನ ವಿಷಕ್ಕೆ ಔಷಧ ಇವತ್ತು ಒಂದರಲ್ಲಿದ್ದರೆ ನಾಳೆ ಇನ್ನೊಂದರಲ್ಲಿ. ಎಲ್ಲಿದೆ ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಬುಟ್ಟಿ ಹೆಣೆಯುವ ದುರುಗಿಗೆ ಹಾವು ಕಚ್ಚಿತು. ಗಂಡ ಅವಳನ್ನು ಒಂದು ಮದ್ದಿನ ಮನೆಗೆ ಹೊತ್ತೊಯ್ದ, ಔಷಧ ಇರಲಿಲ್ಲ. ಎರಡನೆಯದಕ್ಕೆ ಹೊತ್ತೊಯ್ದ, ಇರಲಿಲ್ಲ. ಮೂರನೆಯದರಲ್ಲಿ ಔಷಧ ಇತ್ತು, ದುರುಗಿ ಇರಲಿಲ್ಲ.

ಆ ಸುದ್ದಿ ಕೇಳಿದ ತುಳಜವ್ವ ಕಂಪ್ಯೂಟರ್ ಬಲ್ಲವರ ಹತ್ತಿರ ಕೂತು ಕಲಿತಳು. ವರ್ಷ ತುಂಬುವಷ್ಟರಲ್ಲಿ ತನ್ನ ಕೈಯಾರೆ ಒಂದು ಜಾಲತಾಣ ಕಟ್ಟಿದಳು. ಹೆಸರು ‘ಹುತ್ತೂರು ಮದ್ದು’. ದಿನಾ ಬೆಳಿಗ್ಗೆ ಹನ್ನೆರಡೂ ಮನೆಗೆ ಫೋನು ಮಾಡುವಳು, ಔಷಧ ಎಲ್ಲಿದೆ ಅಂತ ಕೇಳಿ ಅದರಲ್ಲಿ ಹಾಕುವಳು.

ಜಾಲತಾಣವೇನೋ ಆಯಿತು. ಅದು ಇದೆ ಅಂತ ಜನಕ್ಕೆ ಗೊತ್ತಾಗಬೇಕಲ್ಲ? ಪತ್ರಿಕೆಗಳಿಗೆ ಒಂದು ಪ್ರಕಟಣೆ ಕಳಿಸು ಅಂತ ದೊರೆ ಆಸ್ಥಾನದ ಬರಹಗಾರ ಸರ್ವೋತ್ತಮಯ್ಯನಿಗೆ ಅಪ್ಪಣೆ ಕೊಟ್ಟ. ಈ ಸರ್ವೋತ್ತಮಯ್ಯನಿಗೆ ತನ್ನ ಮಾತೆಂದರೆ ಬೆಲ್ಲ. ಜೊತೆಗೆ ತುಳಜವ್ವನ ಗಾಳಿ ಬೆಳಕಿನ ಉಗ್ರಾಣದ ಮೇಲೆ ಅವನಿಗೆ ಮೊದಲಿಂದಲೂ ಕಣ್ಣು.

ಮೊದಲನೆಯ ಪ್ರಕಟಣೆಯಲ್ಲಿ ದೊರೆಯ ಏಳು ತಲೆಮಾರು ಬರೆದ. ಪತ್ರಿಕೆಯವರು ಕತ್ತರಿಸಿ ಮೂಲೆಯಲ್ಲಿ ಎರಡು ಸಾಲು ಹಾಕಿದರು. ಎರಡನೆಯದರಲ್ಲಿ ಮಂತ್ರಿಗಳ ಗುಣಗಾನ ಮಾಡಿದ. ಅದು ಕಸದ ಬುಟ್ಟಿಗೆ ಹೋಯಿತು. ಮೂರನೆಯದರಲ್ಲಿ ತನ್ನ ಪದ್ಯವನ್ನೇ ತುರುಕಿದ. ಅದನ್ನು ಯಾರೂ ಬಿಚ್ಚಿ ಕೂಡ ನೋಡಲಿಲ್ಲ.

ಅದೇ ವಾರ ಕುರಿ ಕಾಯುವ ಬೀರಣ್ಣನಿಗೆ ಹಾವು ಕಚ್ಚಿತು. ಪಕ್ಕದೂರಲ್ಲೇ ಔಷಧ ಇತ್ತು. ಅವನಿಗೆ ತಿಳಿಯದೆ ದೂರದೂರಿಗೆ ಹೋದ. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಕೆಲವು ತಿಂಗಳ ಮೇಲೆ ಸರ್ವೋತ್ತಮಯ್ಯ ನೇರ ದೊರೆಯ ಬಳಿ ಹೋಗಿ, ಜಾಲತಾಣ ಯಾರಿಗೂ ಬೇಡವಾಗಿದೆ, ಮುಚ್ಚಿಸಿ ಉಗ್ರಾಣದ ಕೋಣೆಯನ್ನು ತನ್ನ ಕಾವ್ಯಗೋಷ್ಠಿಗೆ ಕೊಡಿ ಅಂದ. ದೊರೆ ಹೂಂ ಅನ್ನುವುದರಲ್ಲಿದ್ದ. ತುಳಜವ್ವ ಎದುರು ನಿಂತು ಒಂದೇ ಬೇಡಿಕೆ ಇಟ್ಟಳು. ಬರಹಗಾರರೂ ಒಂದು ಪ್ರಕಟಣೆ ಬರೆಯಲಿ, ನಾನೂ ಬರೆಯುತ್ತೇನೆ, ನಾಳೆ ಸಭೆಯಲ್ಲಿ ಓದೋಣ, ಸೋತರೆ ಬೀಗದ ಕೈ ನಾನೇ ಕೊಡುತ್ತೇನೆ ಅಂದಳು. ಸರ್ವೋತ್ತಮಯ್ಯ ಒಳಗೊಳಗೇ ನಕ್ಕು ಒಪ್ಪಿಕೊಂಡ.

ಮರುದಿನ ಸಭೆ ಸೇರಿತು. ತುಳಜವ್ವ ಬೀರಣ್ಣನನ್ನು ಕರೆಸಿ ನಡುವೆ ಕೂರಿಸಿದಳು. ತಳದಲ್ಲಿ ತೂತಿದ್ದ ತಾಮ್ರದ ಬಟ್ಟಲೊಂದನ್ನು ಹಂಡೆಯ ನೀರಿನಲ್ಲಿ ತೇಲಿಬಿಟ್ಟಳು. “ಬೀರಣ್ಣ, ಈಗಷ್ಟೇ ನಿನಗೆ ಹಾವು ಕಚ್ಚಿದೆ ಅಂದುಕೋ. ಬಟ್ಟಲು ಮುಳುಗುವುದರೊಳಗೆ ಔಷಧದ ದಾರಿ ತಿಳಿದರೆ ಕೈ ಎತ್ತು” ಅಂದಳು.

ಸರ್ವೋತ್ತಮಯ್ಯ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಸೂರ್ಯ ಬಂದ, ಚಂದ್ರ ಬಂದ. ಅಮೋಘ ಬಂತು, ಅದ್ವಿತೀಯ ಬಂತು. ಬಟ್ಟಲು ಗುಳುಕ್ಕೆಂದು ಮುಳುಗಿತು.

ಬೀರಣ್ಣ ತಣ್ಣಗೆ ಹೇಳಿದ, “ಸ್ವಾಮಿ, ನಾನು ಸತ್ತುಹೋದೆ.”

ಜಾಲತಾಣದ ವಿಳಾಸ ಕೊನೆಯಲ್ಲಿದೆ ಅಂತ ಸರ್ವೋತ್ತಮಯ್ಯ ಹಾಳೆ ತಿರುವಿದ. ಕೊನೆಯಲ್ಲಿ ಅವನದೇ ಹೆಸರು, ಅವನವೇ ಐದು ಬಿರುದು. ಜಾಲತಾಣದ ಹೆಸರು ಎಲ್ಲೂ ಇಲ್ಲ. ಬೇಕೆಂದೇ ಬಿಟ್ಟನೋ, ಹೊಗಳಿಕೆಯ ಭರದಲ್ಲಿ ಮರೆತನೋ, ಅವನಿಗೇ ಗೊತ್ತು.

ತುಳಜವ್ವ ಮತ್ತೆ ಬಟ್ಟಲು ತೇಲಿಬಿಟ್ಟು ಓದಿದಳು. “ಹಾವು ಕಚ್ಚಿದರೆ ಔಷಧ ಇವತ್ತು ಯಾವ ಊರಲ್ಲಿದೆ ಅಂತ ಮೊಬೈಲಿನಲ್ಲೇ ನೋಡಬಹುದು. ಜಾಲತಾಣದ ಹೆಸರು ಹುತ್ತೂರು ಮದ್ದು.” ಬೀರಣ್ಣನ ಕೈ ಆಗಲೇ ಮೇಲೆದ್ದಿತ್ತು. ಉಳಿದದ್ದನ್ನೂ ಓದಿದಳು. ಹನ್ನೆರಡು ಮನೆಗಳ ಸುದ್ದಿ ದಿನಾ ಬೆಳಿಗ್ಗೆ ಏಳಕ್ಕೆ ಹೊಸದಾಗುತ್ತದೆ, ಓದು ಬಾರದವರು ಉಗ್ರಾಣಕ್ಕೆ ಫೋನು ಮಾಡಿದರೆ ಸಾಕು. ಕಡೆಗೆ ಬೀರಣ್ಣ ಅವಳಿಗೆ ಹೇಳಿದ್ದ ಮಾತು: ಇದು ಗೊತ್ತಿದ್ದರೆ ನಾನು ಇವತ್ತು ಎರಡು ಕಾಲಲ್ಲಿ ನಡೆಯುತ್ತಿದ್ದೆ. ಅಷ್ಟೇ. ಬಟ್ಟಲು ಅರ್ಧವೂ ತುಂಬಿರಲಿಲ್ಲ.

ದೊರೆಯ ಹೆಸರೇ ಇಲ್ಲವಲ್ಲ, ಇದು ಅಪಮಾನ ಅಂತ ಸರ್ವೋತ್ತಮಯ್ಯ ಎದ್ದ. ದೊರೆ ತುಳಜವ್ವನ ಕಡೆ ನೋಡಿದ.

“ಜೀವ ಉಳಿದವರು ದೊರೆ ಯಾರು ಅಂತ ತಾವೇ ಕೇಳುತ್ತಾರೆ, ಒಡೆಯಾ” ಅಂದಳು ಅವಳು.

ದೊರೆ ಆ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅದೇ ದಿನ ಪತ್ರಿಕೆಗಳಿಗೆ ಹೋಯಿತು. ಒಂದಕ್ಷರ ಕತ್ತರಿಸದೆ ಎಲ್ಲರೂ ಮೊದಲ ಪುಟದಲ್ಲೇ ಹಾಕಿದರು. ನಾಲ್ಕನೆಯ ದಿನ ಶೇಂಗಾ ಹೊಲದಲ್ಲಿ ಒಬ್ಬ ಹೆಂಗಸಿಗೆ ಹಾವು ಕಚ್ಚಿತು. ಅವಳ ಅತ್ತೆ ಪತ್ರಿಕೆ ಓದಿದ್ದಳು, ಜಾಲತಾಣ ನೋಡಿದಳು, ಸೊಸೆಯನ್ನು ಸೀದಾ ಔಷಧ ಇದ್ದ ಊರಿಗೆ ಕರೆದೊಯ್ದಳು. ಸೊಸೆ ನಡೆದುಕೊಂಡೇ ಮನೆಗೆ ಬಂದಳು. ಆ ಸುದ್ದಿ ಬಂದಾಗ ತುಳಜವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಸರ್ವೋತ್ತಮಯ್ಯನಿಗೆ ಉಗ್ರಾಣ ಸಿಕ್ಕಿತು ಕಣ್ರೀ, ಹೌದು. ದಿನಾ ಬೆಳಿಗ್ಗೆ ತುಳಜವ್ವನ ಪಕ್ಕ ಕೂತು, ಔಷಧ ಇದೆ, ಇಲ್ಲ, ಅಂತ ಹನ್ನೆರಡು ಸಾಲು ಬರೆಯುವ ಕೆಲಸ. ಒಂದೂ ವಿಶೇಷಣ ಸೇರಿಸಬಾರದು ಅಂತ ದೊರೆಯ ಕಟ್ಟಪ್ಪಣೆ.

ಕಥೆಯ ನೀತಿ ಇಷ್ಟೇ: ಸುದ್ದಿ ಹೇಳುವವನು ತನ್ನನ್ನು ಹಿಂದಿಟ್ಟು, ಕೇಳುವವನಿಗೆ ಬೇಕಾದ್ದನ್ನು ಮುಂದಿಡಬೇಕು. ನಾನು ಹೇಳುವುದು ಮುಗಿಯಿತು, ನೀವು ನಾಲ್ಕು ಜನಕ್ಕೆ ಹೇಳುವುದು ಉಳಿಯಿತು.