ಕಾಫಿಪುಡಿ ಚೀಲದಲ್ಲಿ ವಾಪಸು ಹೊರಟ ಅಂಗಿ

ಗಿಳಿಹಸಿರು ಬಣ್ಣದ ಹೊಸ ಅಂಗಿಯೊಂದು, ತೋಳು ಬಿಗಿಯಾಯಿತೆಂಬ ಕಾರಣಕ್ಕೆ, ಕೊಂಡವರ ಮನೆಯಿಂದ ಅಂಗಡಿಯ ಉಗ್ರಾಣಕ್ಕೆ ವಾಪಸು ಹೊರಟಿತ್ತು. ಬರುವಾಗ ಚಿನ್ನದಕ್ಷರದ ರಟ್ಟಿನ ಡಬ್ಬದಲ್ಲಿ ಬಂದಿತ್ತು. ಆ ಡಬ್ಬವನ್ನು ಮನೆಯವರು ಆತುರದಲ್ಲಿ ಹರಿದುಹಾಕಿದ್ದರಿಂದ, ಈಗ ಕಾಫಿಪುಡಿಯ ಖಾಲಿ ಚೀಲದಲ್ಲಿ ತುಂಬಿ ಕಳಿಸಿದ್ದರು.

"ಬೇಡವಾದ ಅಂಗಿಗೆ ಬೇಡವಾದ ಚೀಲ!" ಎಂದು ಅಂಗಿ ಮುಖ ಸಿಂಡರಿಸಿತು. "ವಾಪಸು ಬಂದವರಿಗೆ ಅಲ್ಲಿ ಚಿಂದಿಯ ರಾಶಿಯೇ ಗತಿಯಂತೆ."

"ಹಾಗನ್ನಬೇಡ ತಮ್ಮಾ," ಎಂದಿತು ಚೀಲ. "ನಮ್ಮ ಮನೆಯಿಂದ ಯಾರನ್ನೂ ಬರಿಗೈಯಲ್ಲಿ ಕಳಿಸುವ ರೂಢಿಯಿಲ್ಲ. ನನ್ನಲ್ಲಿ ಉಳಿದಿರುವುದು ಒಂದಿಷ್ಟು ಘಮ. ಅದನ್ನೇ ಇಟ್ಟುಕೋ."

ಅವರಿಬ್ಬರನ್ನು ಹೊತ್ತ ಲಾರಿ ತೊಟ್ಟಿಲಿನಂತೆ ತೂಗಿತು. ಅಂಗಿಗೆ ಜೋಂಪು ಹತ್ತಿತು. ಕನಸಿನಲ್ಲಿ ಎಲ್ಲೋ ಹಾಲು ಉಕ್ಕುತ್ತಿತ್ತು, ಲೋಟಗಳು ಪಿಸುಗುಡುತ್ತಿದ್ದವು, ತಾನು ಯಾರದೋ ಬೆಚ್ಚನೆಯ ಹೆಗಲ ಮೇಲೆ ಕೂತು ಬೆಳಗಿನ ಮೊದಲ ಗುಟುಕಿಗೆ ಕಾಯುತ್ತಿತ್ತು.

ಉಗ್ರಾಣದಲ್ಲಿ ಕೆಲಸಕ್ಕಿದ್ದ ಜವರಮ್ಮ ವಾಪಸು ಬಂದ ಬಟ್ಟೆಗಳನ್ನು ನೋಡದೆಯೇ ಚಿಂದಿಯ ರಾಶಿಗೆ ಎಸೆಯುತ್ತಿದ್ದಳು. ಈ ಚೀಲದ ಬಾಯಿ ಬಿಚ್ಚಿದ್ದೇ ಅವಳ ಕೈ ನಿಂತಿತು.

"ಅವ್ವಾ, ಇದ್ಯಾರ ಮನೆ ಘಮ! ಈ ಅಂಗೀನ ಎಸೆಯಕ್ಕೆ ಮನಸು ಬರಾಕಿಲ್ಲ. ಮನೇಲಿರೋ ನಮ್ಮ ಯಜಮಾನ್ರಿಗೆ ನಾನೇ ತಗೋತೀನಿ."

ಅವಳು ಅಂಗಿಯನ್ನು ಮೆಲ್ಲನೆ ಹೊರಗೆಳೆದಳು. ಚೀಲ ಬರಿದಾಗುತ್ತಿರುವುದನ್ನು ಕಂಡ ಅಂಗಿ ತನ್ನ ಮೈಯೆಲ್ಲ ತಡವಿಕೊಂಡಿತು. ಒಳಮಡಿಕೆಯಲ್ಲಿ ಹೊಲಿದಿಟ್ಟ ಹೆಚ್ಚುವರಿ ಗುಂಡಿಯೊಂದಿತ್ತು. ಅದರ ದಾರ ಸಡಿಲಿಸಿತು. ಗುಂಡಿ ಚೀಲದೊಳಕ್ಕೆ ಬಿತ್ತು.

"ಏನಿದು?" ಎಂದಿತು ಚೀಲ.

"ನಿಮ್ಮ ಮನೆಯ ರೂಢಿ," ಎಂದಿತು ಅಂಗಿ.