ಕಮ್ಮಾರನ ಐದನೆಯ ಪೆಟ್ಟಿಗೆ

"ಬುದ್ಧಿ, ನನ್ನ ಧ್ಯಾನ ಬಲಿಯುತ್ತಿದೆಯೋ ಇಲ್ಲವೋ, ಒಂದು ಮಾತು ಹೇಳಿಬಿಡಿ" ಎಂದು ರೇವಯ್ಯ ಗುರುಗಳನ್ನು ಕೇಳಿದ.

ರೇವಯ್ಯ ಮಠದ ದಾಸೋಹ ನೋಡಿಕೊಳ್ಳುತ್ತಿದ್ದ ಶಿಷ್ಯ. ಎರಡು ಹೊತ್ತೂ ಮುನ್ನೂರು ಎಲೆ ಬೀಳಬೇಕು. ಅಕ್ಕಿಯ ಚಿಂತೆ ಅವನದು, ಸೌದೆಯ ಚಿಂತೆ ಅವನದು, ಕೊಟ್ಟಿಗೆಯ ಹನ್ನೊಂದು ದನಗಳೂ ಅವನವೇ. ಇಷ್ಟರ ನಡುವೆ ಗುರುಗಳು ಕೊಟ್ಟ ಮಂತ್ರ ಹಿಡಿದು ಬೆಳಗಿನಲ್ಲಿ ಒಂದು ಗಳಿಗೆ ಕೂರುತ್ತಿದ್ದ. ಕೂತರೆ ಹಾಲು ಉಕ್ಕಿತೇನೋ ಎಂಬ ಭಯ. ಒಲೆಯ ಮುಂದೆ ನಿಂತರೆ ಧ್ಯಾನ ಕೆಟ್ಟಿತಲ್ಲ ಎಂಬ ಭಯ. ಸೋಮವಾರ ಇದೇ ಪ್ರಶ್ನೆ ಕೇಳಿದ್ದ. ಬುಧವಾರವೂ ಕೇಳಿದ್ದ. ಅಂದು ಶುಕ್ರವಾರ.

"ಈ ಕೆಲಸದ ಹೊರೆಯಲ್ಲಿ ಅದು ಒಳಗೇ ಸತ್ತುಹೋಯಿತೇನೋ ಅನ್ನಿಸುತ್ತದೆ. ಬಲಿಯುವುದಿಲ್ಲ ಎಂದಾದರೆ ಈಗಲೇ ಹೇಳಿ. ಊರಿಗೆ ಹೋಗಿ ಅಣ್ಣನ ಜೊತೆ ಹೊಲ ಉಳುತ್ತೇನೆ."

ಗುರುಗಳು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಕೈ ನಿಲ್ಲಿಸಲಿಲ್ಲ. "ಕೂತುಕೋ. ಒಂಟಿ ಕಾಲಲ್ಲಿ ನಿಂತು ಕೇಳುವ ಕತೆಯಲ್ಲ ಇದು" ಎಂದರು. ರೇವಯ್ಯ ಅಡುಗೆಮನೆಯ ಕಡೆ ಒಮ್ಮೆ ನೋಡಿ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಕಮ್ಮಾರನಿದ್ದ. ಏಳು ಹಳ್ಳಿಗೆ ಅವನೊಬ್ಬನೇ ಕಮ್ಮಾರ. ನಲವತ್ತು ದಾಟುವಷ್ಟರಲ್ಲಿ ಅವನ ಕಣ್ಣಿಗೆ ಮಂಜು ಕವಿಯತೊಡಗಿತು. ಅವನ ಅಪ್ಪನ ಕಣ್ಣನ್ನೂ ಕುಲುಮೆಯ ಬೆಂಕಿಯೇ ತಿಂದಿತ್ತು. ಪಂಡಿತ ರೆಪ್ಪೆ ಅಗಲಿಸಿ ನೋಡಿ, "ಬೆಂಕಿಯ ಮುಂದೆ ಹೀಗೆಯೇ ಕೂತರೆ ಇನ್ನು ಮೂರು ವರ್ಷ. ಬೇರೆ ದಾರಿ ನೋಡಿಕೋ" ಎಂದ. ಸುತ್ತಿಗೆ ಬಿಟ್ಟು ಬೇರೆ ಏನನ್ನೂ ಹಿಡಿದ ಕೈಯಲ್ಲ ಅದು.

ಪಕ್ಕದ ಊರಿನಲ್ಲಿ ಜೇನು ಸಾಕಿ ಸಂತೆಯಲ್ಲಿ ಜೇನುತುಪ್ಪ ಮಾರುವ ಒಬ್ಬ ಮುದುಕಿಯಿದ್ದಳು. ಅವಳಿಗೂ ಕಣ್ಣು ಅಷ್ಟಕ್ಕಷ್ಟೆ, ಆದರೂ ಬದುಕು ಸಾಗಿತ್ತು. ಇದೇ ಸರಿ ಎಂದುಕೊಂಡ ಕಮ್ಮಾರ. ಅವಳ ಮನೆಗೆ ಬೇಕಾದ ಕತ್ತಿ, ಕುಡುಗೋಲು, ಗುದ್ದಲಿಯೆಲ್ಲ ಮಾಡಿಕೊಟ್ಟು ಐದು ಪೆಟ್ಟಿಗೆ ಜೇನು ತಂದ. ಐದು ಹತ್ತಾಗಲಿ, ಹತ್ತು ಇಪ್ಪತ್ತಾಗಲಿ, ಆಗ ಸುತ್ತಿಗೆ ಕೆಳಗಿಡುತ್ತೇನೆ ಎಂಬುದು ಅವನ ಆಸೆ. ಕಣ್ಣು ಆರುವುದಕ್ಕೆ ಮುಂಚೆ ಜೇನು ಕೈ ಹಿಡಿಯಬೇಕು. ಅಷ್ಟೇ.

ಕೊಡುವಾಗ ಮುದುಕಿ ಹೇಳಿದಳು: "ಎಂಟು ದಿನಕ್ಕೊಮ್ಮೆ ಮುಚ್ಚಳ ತೆಗೆ ಮಗ. ನಡುವೆ ಕೈ ತುರಿಸಿದರೆ ಪೆಟ್ಟಿಗೆಯನ್ನು ಬೆರಳಲ್ಲಿ ತಟ್ಟಿ ಕಿವಿ ಇಡು. ಹುಂ ಎಂದು ಒಮ್ಮೆ ಎದ್ದು ಅಡಗಿದರೆ ಒಳಗೆ ಎಲ್ಲವೂ ಸುಖ ಎಂದು ತಿಳಿ. ಐದನ್ನೂ ಒಂದೇ ಕಡೆ ಇಡಬೇಡ, ಹೂವು ಸಾಲದು."

ಕಮ್ಮಾರ ನಾಲ್ಕನ್ನು ಕುಲುಮೆಯ ಹಿಂದಿನ ಹಿತ್ತಲಲ್ಲಿ ಇಟ್ಟ. ಐದನೆಯದನ್ನು ಕೆರೆಯ ಆಚೆ ದಡದ ಹೊಂಗೆ ಮರದ ಕೆಳಗೆ, ಒಂದು ಬಂಡೆಯ ಮೇಲೆ ಇಟ್ಟ. ಅಲ್ಲಿಗೆ ಹೋಗಿ ಬರಲು ಅರ್ಧ ಹಗಲು ಬೇಕು.

ಆಗಷ್ಟೇ ಯುಗಾದಿ ಕಳೆದಿತ್ತು. ಹೊಂಗೆ ಹೂ ಬಿಡುತ್ತಿತ್ತು. ಜೇನು ತುಂಬುವ ಕಾಲ ಅದೇ. ಕಮ್ಮಾರನಿಗೆ ಮೈಮುರಿಯುವ ಕಾಲವೂ ಅದೇ, ನೋಡು. ಮೊದಲ ಮಳೆಗೆ ಮುಂಚೆ ಏಳು ಹಳ್ಳಿಯ ನೇಗಿಲುಗಳ ಕಬ್ಬಿಣದ ಕುಳ ತಟ್ಟಿ ಚೂಪು ಮಾಡಿ ಕೊಡಬೇಕು. ಸುಗ್ಗಿಯ ಕಣದಲ್ಲಿ ಎಲ್ಲರ ಕೈಯಿಂದ ವರ್ಷದ ಕೂಲಿಗೆಂದು ಕಾಳು ಪಡೆದವನು ಈಗ ಆಗುವುದಿಲ್ಲ ಎನ್ನುವಂತಿಲ್ಲ. ಅಪ್ಪನ ಕಾಲದಿಂದ ನಡೆದುಬಂದ ರೂಢಿ. ಕುಲುಮೆಯ ಮುಂದೆ ಕುಳಗಳ ರಾಶಿ ಬಿತ್ತು.

ಮೊದಲ ದಿನಗಳಲ್ಲಿ ಅವನು ಮುದುಕಿ ಹೇಳಿದಂತೆಯೇ ಮಾಡಿದ. ತಟ್ಟಿದ, ಕಿವಿ ಇಟ್ಟ. ಗುಂಯ್ ಎಂದಿತು. ಕಿವಿ ತೆಗೆದ. ಆಗಲೂ ಗುಂಯ್ ಎನ್ನುತ್ತಿತ್ತು! ಇಪ್ಪತ್ತೈದು ವರ್ಷ ಅಡಿಗಲ್ಲಿನ ಮೇಲೆ ಕಬ್ಬಿಣ ಬಡಿದವನ ಕಿವಿಯಪ್ಪ ಅದು. ಕುಂಬಳಕಾಯಿಗೆ ಕಿವಿ ಇಟ್ಟರೂ ಒಳಗೆ ಜೇನಿದೆ ಎಂದೇ ಹೇಳುತ್ತಿತ್ತು. ಕಮ್ಮಾರನಿಗೆ ತನ್ನ ಕಿವಿಯ ಮೇಲಿನ ನಂಬಿಕೆ ಹೋಯಿತು. ಒಳಗೆ ಇವೆಯೋ, ಸತ್ತಿವೆಯೋ, ಹಾರಿಹೋಗಿವೆಯೋ? ತಡೆಯಲಾರದೆ ಮುಚ್ಚಳ ಎತ್ತಿದ. ಇದ್ದವು. ಅಬ್ಬ ಎಂದು ಉಸಿರು ಬಿಟ್ಟ.

ಆ ನೆಮ್ಮದಿ ಸಂಜೆಯವರೆಗೆ ಬಂತು. ಮರುದಿನದ ನೆಮ್ಮದಿ ಮಧ್ಯಾಹ್ನದವರೆಗೆ ಬಂತು. ಆಮೇಲೆ ಒಂದು ಕುಳ ಕಾಯುವಷ್ಟು ಹೊತ್ತೂ ಬರಲಿಲ್ಲ. ಕಬ್ಬಿಣವನ್ನು ಬೆಂಕಿಯಲ್ಲಿಡುವುದು, ಅದು ಕೆಂಪಾಗುವಷ್ಟರಲ್ಲಿ ಹಿತ್ತಲಿಗೆ ಓಡುವುದು, ಮುಚ್ಚಳ ಎತ್ತಿ ಮೇಣದ ಎರಿಗಳನ್ನು ನೋಡುವುದು, ಓಡಿ ಬಂದು ಸುತ್ತಿಗೆ ಹಿಡಿಯುವುದು. ಮುಂದಿನ ಕುಳಕ್ಕೆ ಮುಂದಿನ ಪೆಟ್ಟಿಗೆ. ಹೀಗೆ ಶುರುವಾಯಿತು.

ಕುಲುಮೆಗೆ ಗಾಳಿಯ ತಿದಿ ಒತ್ತುತ್ತಿದ್ದ ಹೆಂಡತಿ ನಾಲ್ಕು ದಿನ ಸುಮ್ಮನೆ ನೋಡಿದಳು. ಐದನೆಯ ದಿನ, "ಬಾಣಂತಿ ಕೋಣೆಯ ಬಾಗಿಲನ್ನು ಯಾರಾದರೂ ಹೀಗೆ ಗಳಿಗೆಗೊಮ್ಮೆ ತೆಗೀತಾರೇನ್ರೀ?" ಎಂದಳು.

"ಸುಮ್ಮನಿರು. ಹೋಗುವ ಕಣ್ಣು ನಿನ್ನದಲ್ಲ."

ಅಂದ ಮೇಲೆ ಅವನಿಗೇ ಕೆಡುಕೆನಿಸಿತು. ಆದರೂ ಓಟ ನಿಲ್ಲಲಿಲ್ಲ.

ಎರಿಗಳಲ್ಲಿ ತುಪ್ಪ ಏರಬೇಕಿತ್ತು. ದಿನದಿಂದ ದಿನಕ್ಕೆ ಇಳಿಯತೊಡಗಿತು. ಇಳಿಯಿತೆಂದು ಅವನು ಇನ್ನಷ್ಟು ಸಲ ನೋಡಿದ. ಇನ್ನಷ್ಟು ಇಳಿಯಿತು. ಒಂದು ದಿನ ಎರಿಯ ಮೇಲೆ ಬಗ್ಗಿ ರಾಣಿಯನ್ನು ಹುಡುಕುತ್ತಾ ಮೈಮರೆತ. ಇತ್ತ ಬೆಂಕಿಯಲ್ಲಿದ್ದ ಕುಳ ಕಿಡಿ ಕಾರಿ, ಮೂತಿ ಕರಗಿ, ಕೆಲಸಕ್ಕೆ ಬಾರದೆ ಹೋಯಿತು. ಅದರ ಒಡೆಯನಾದ ರೈತ, "ಏನಯ್ಯಾ, ಕುಳ ತಟ್ಟಿಕೊಡು ಅಂದರೆ ಹುರಿದು ಕೊಟ್ಟೆಯಲ್ಲ!" ಎಂದು ನಾಲ್ಕು ಜನರ ಮುಂದೆ ಬೈದ. ಹೊಸ ಕುಳವನ್ನೇ ಮಾಡಿಕೊಡಬೇಕಾಯಿತು. ಅತ್ತ ದರಿ, ಇತ್ತ ಪುಲಿ ಎನ್ನುವಂತಾಯಿತು ಅವನ ಪಾಡು. ಕುಲುಮೆಯಲ್ಲಿ ಕೂತರೆ ಮನಸ್ಸು ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಮುಂದೆ ನಿಂತರೆ ಮನಸ್ಸು ಕುಲುಮೆಯಲ್ಲಿ. ನಗಬೇಡ ರೇವಯ್ಯ, ಕೇಳು.

ಕೆರೆಯಾಚೆಯ ಐದನೆಯ ಪೆಟ್ಟಿಗೆ ನೆನಪಾದರಂತೂ ಅವನು ಅರ್ಧ ಊಟಕ್ಕೇ ಕೈ ತೊಳೆಯುವನು. ನಾಳೆ ಹೋಗಿ ನೋಡಬೇಕು ಎಂದುಕೊಳ್ಳುವನು. ಬೆಳಗಾಗುವಷ್ಟರಲ್ಲಿ ಇನ್ನೊಂದು ಗಾಡಿ ಕುಳ ಬಂದು ಬೀಳುವುದು. "ಈ ಹಾಳು ಕುಳಗಳು ನನ್ನ ಬದುಕು ತಿಂದವು" ಎಂದು ಹಲ್ಲು ಕಡಿದು ಬಡಿಯುವನು. ಕಣ್ಣೆದುರಿಗಿರುವವೇ ಹೀಗೆ ಸೊರಗಿದರೆ, ದಿಕ್ಕಿಲ್ಲದ ಅದು ಎಲ್ಲಿ ಉಳಿದೀತು?

ಹತ್ತನೆಯ ದಿನ ಹಿತ್ತಲಿನ ಮೊದಲ ಪೆಟ್ಟಿಗೆಯ ಜೇನು ಎದ್ದು ಹೋಯಿತು. ಹದಿಮೂರಕ್ಕೆ ಇನ್ನೆರಡು ಹೋದವು. ಉಳಿದ ಒಂದರ ಮುಂದೆ ಕಮ್ಮಾರ ಕೈಮುಗಿದು ನಿಂತ. ಕೈಮುಗಿದ ಮೇಲೆ ಮುಚ್ಚಳ ಎತ್ತಿ ನೋಡಿದ. ಮರುದಿನ ಅದೂ ಹೋಯಿತು. ಅವನು ಹಿತ್ತಲಲ್ಲೇ ಕುಸಿದು ಕೂತು ಮಕ್ಕಳ ಹಾಗೆ ಅತ್ತ.

ಸುದ್ದಿ ಕೇಳಿ ಮುದುಕಿ ಬಂದಳು. ಬಂದವಳು ಪೆಟ್ಟಿಗೆಗಳ ಕಡೆ ಹೋಗಲಿಲ್ಲ. ಕಮ್ಮಾರನ ಕೈ ಹಿಡಿದು ಮೂಸಿದಳು.

"ಈ ಕೈಯಲ್ಲಿ ದಿನಕ್ಕೆ ಎಷ್ಟು ಸಲ ಮುಚ್ಚಳ ಎತ್ತಿದೆ?"

"ಎಂಟೋ ಹತ್ತೋ."

"ಅಯ್ಯೋ ಮಗನೇ! ಮೈಯೆಲ್ಲ ಇದ್ದಿಲ ಹೊಗೆ ನಿನಗೆ. ಹೊಗೆ ಬಡಿಯಿತೆಂದರೆ ಕಾಡು ಹೊತ್ತಿತೆಂದೇ ಜೇನಿಗೆ ಲೆಕ್ಕ. ಕೂಡಿಟ್ಟದ್ದನ್ನೆಲ್ಲ ಕುಡಿದು ಓಡಲು ನಿಲ್ಲುತ್ತವೆ. ದಿನಕ್ಕೆ ಹತ್ತು ಸಲ ಬೆಂಕಿ ಬೀಳುವ ಮನೆಯಲ್ಲಿ ನೀನಾದರೂ ಇರುತ್ತಿದ್ದೆಯಾ?"

ತುಪ್ಪ ಇಳಿದದ್ದನ್ನು ಅವನು ನೋಡಿದ್ದು ನಿಜ. ನೋಡಿದ್ದಕ್ಕೇ ಇಳಿದಿತ್ತು. ಐದನೆಯದರ ಸುದ್ದಿಯನ್ನು ಮುದುಕಿಯೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಇನ್ನೂ ಎಂಟು ದಿನ ಕುಳಗಳು ಅವನನ್ನು ಬಿಡಲಿಲ್ಲ. ಕೊನೆಯ ಕುಳ ನೀರಿಗಿಟ್ಟು ಚುಂಯ್ ಎನ್ನಿಸಿ, ಮಿಂದು, ಕೆರೆಯ ಕಡೆ ನಡೆದ. ನೋಡಲು ಹೋದವನಲ್ಲ. ಪೆಟ್ಟಿಗೆಯ ಹಲಗೆಯನ್ನಾದರೂ ಮುದುಕಿಗೆ ಹಿಂತಿರುಗಿಸೋಣ, ಈ ಆಸೆಗೆ ಎಳ್ಳುನೀರು ಬಿಡೋಣ ಎಂದು ಹೋದವನು. ದಾರಿಯುದ್ದಕ್ಕೂ ಮೂರು ವರ್ಷ, ಮೂರು ವರ್ಷ ಎಂದು ಪಂಡಿತನ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಆಮೇಲೆ ಹೆಂಡತಿಗೆ ಏನು ಉಣ್ಣಿಸಲಿ? ಯಾರ ಕೈ ಹಿಡಿದು ನಡೆಯಲಿ?

ಹೊಂಗೆಯ ಹೂವೆಲ್ಲ ಉದುರಿ ನೆಲ ಬೆಳ್ಳಗಿತ್ತು. ಮರದ ನೆರಳಿನಲ್ಲಿ ಅವನ ಮಂಜುಗಣ್ಣಿಗೆ ಪೆಟ್ಟಿಗೆ ಒಂದು ಕಪ್ಪು ಚುಕ್ಕೆ, ಅಷ್ಟೇ. ಕಿವಿ ಎಂದಿನಂತೆ ಗುಂಯ್ ಎನ್ನುತ್ತಿತ್ತು. ಅದನ್ನು ಅವನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಖಾಲಿ ಪೆಟ್ಟಿಗೆಯಲ್ಲವೇ ಎಂದು ಒಂದೇ ಕೈ ಹಾಕಿ ಎತ್ತಿದ.

ಕೈ ಜಗ್ಗಿತು.

ಅವನು ಹಾಗೆಯೇ ನಿಂತ. ಕಣ್ಣು ಮಂಜಾಗಿತ್ತು, ಕಿವಿ ಕೆಟ್ಟಿತ್ತು. ಆದರೆ ಕಬ್ಬಿಣದ ತೂಕ ಬಲ್ಲ ಕೈ ಸುಳ್ಳು ಹೇಳುವುದಿಲ್ಲ. ಒಂದು ಹುಳು ಬಂದು ಮೊಣಕೈಗೆ ಕುಟುಕಿತು. ಅವನು ಕೊಡವಲಿಲ್ಲ. ಇನ್ನೊಂದು ಕುಟುಕಿತು. "ಕಚ್ಚಿ, ನನ್ನಪ್ಪಾ, ಕಚ್ಚಿ" ಎಂದ. ಪೆಟ್ಟಿಗೆಯನ್ನು ಮೆಲ್ಲಗೆ ಬಂಡೆಯ ಮೇಲೆ ಇಳಿಸಿ ಹಲಗೆಗೆ ಅಂಗೈ ಒತ್ತಿದ. ಒಳಗಿನ ನಡುಕ ಅಂಗೈಗೆ ತಾಗಿತು. ಇಪ್ಪತ್ತೆರಡು ದಿನ ಇಲ್ಲಿಗೆ ಯಾರೂ ಬಂದಿರಲಿಲ್ಲ. ಬಾರದಂತೆ ಅವನ ಕಾಲು ಕಟ್ಟಿದ್ದು ಅವನು ಶಾಪ ಹಾಕಿದ ಕುಳಗಳು.

ಅವನ ಕೈ ಮುಚ್ಚಳದವರೆಗೆ ಹೋಯಿತು. ಸುಳ್ಳು ಹೇಳಬಾರದು, ಹೋಯಿತು. ಅಲ್ಲಿಂದ ಹಿಂದಕ್ಕೆ ಬಂತು.

ಮನೆಗೆ ಬಂದಾಗ ಹೆಂಡತಿ ಅವನ ಊದಿದ ಕೈ ನೋಡಿ ಓಡಿ ಬಂದಳು. "ತೆಗೆದು ನೋಡಿದಿರಾ?"

"ಇಲ್ಲ. ಇದೆ" ಎಂದ.

"ಮರುವರ್ಷ ಆ ಒಂದು ಪೆಟ್ಟಿಗೆ ಮೂರಾಯಿತು. ಅವನ ಕಣ್ಣು ಎಷ್ಟು ಕಾಲ ಉಳಿಯಿತೋ, ನನಗೆ ತಿಳಿಯದು" ಎಂದು ಹೇಳಿ ಗುರುಗಳು ಅವರೆ ಸಿಪ್ಪೆಯನ್ನು ಒಂದು ಕಡೆ ಒಟ್ಟುಮಾಡಿದರು.

ರೇವಯ್ಯನ ಮುಖದಲ್ಲಿ ಕಳೆ ಬಂದಿತ್ತು. ಮುನ್ನೂರು ಎಲೆ, ಸೌದೆ, ಹನ್ನೊಂದು ದನ, ಎಲ್ಲವೂ ಆ ಕುಳದ ರಾಶಿಯಂತೆಯೇ ಎಂದು ಅವನಿಗೆ ತಿಳಿಯಿತು. ಇನ್ನು ಕೆಲಸವನ್ನು ಬೈಯುವುದಿಲ್ಲ, ಊರಿಗೂ ಹೋಗುವುದಿಲ್ಲ ಎಂದುಕೊಂಡ. ಅಡ್ಡಬಿದ್ದು ಎದ್ದ. ಹಗುರಾಗಿ ಬಾಗಿಲವರೆಗೆ ಹೋದವನು ಅಲ್ಲಿ ನಿಂತ. ತಿರುಗಿದ.

"ಹಾಗಾದರೆ ಬುದ್ಧಿ, ನನ್ನೊಳಗೂ ಏನೋ ಒಂದಷ್ಟು ಕೂಡಿದೆ ಎಂದು ತಿಳಿಯಬಹುದಲ್ಲವೇ?"

ಗುರುಗಳು ತಲೆ ಎತ್ತಿದರು.

"ಕತೆ ಮುಗಿದು ಎಸರು ಕಾಯುವಷ್ಟು ಹೊತ್ತಾಗಿಲ್ಲ ರೇವಯ್ಯ, ಆಗಲೇ ಮುಚ್ಚಳಕ್ಕೆ ಕೈ ಹಾಕಿದೆಯಲ್ಲ!"